ಪೌರತ್ವಕ್ಕೆ ಪ್ರಶ್ನೆಪತ್ರಿಕೆ ಏಕೆ?

ಅಮೆರಿಕದ ಪೌರತ್ವ ಪರೀಕ್ಷೆಯನ್ನು ಬಿಗಿ ಮಾಡಿದ್ದು ಒಳ್ಳೆಯದೇ ಆಯಿತು ಎಂಬ ಮಾತನ್ನು ನಾನು ಇಲ್ಲಿನ ಬಿಳಿಯರ ಬಾಯಲ್ಲಿ ಕೇಳಿದ್ದಕ್ಕಿಂತ ನಮ್ಮವರ ಬಾಯಲ್ಲೇ ಹೆಚ್ಚು ಕೇಳಿದ್ದೇನೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಮಕ್ಕಳ ಕನ್ನಡ ಶಾಲೆಯ ಹೊರಗೆ ಕಾಯುತ್ತ ನಿಂತ ಅಪ್ಪ ಅಮ್ಮಂದಿರ ನಡುವೆ, ಗೃಹಪ್ರವೇಶದ ಮನೆಗಳಲ್ಲಿ ಎಲ್ಲ ಕಡೆಯೂ ಅದೇ ರಾಗ. "ಪೌರತ್ವವನ್ನು ಕೇಳಿದವರಿಗೆಲ್ಲ ಹಂಚುತ್ತ ಕೂರೋಕಾಗುತ್ತಾ? ಯೋಗ್ಯತೆ ಇದ್ದವರು ತಗೊಳ್ಳಲಿ. ನಾವೆಲ್ಲ ಓದಿ ಪಾಸಾಗಲಿಲ್ವಾ?" ಹೀಗೆ ಹೇಳುವವರು ಕೆಟ್ಟವರಲ್ಲ. ಯಾರ ಮನೆಗೆ ಕಷ್ಟ ಬಂದರೂ ಮೊದಲು ಓಡಿ ಬರುವವರು. ಆದರೆ ಅವರ ಈ ವಾದ ಬುಡದಿಂದಲೇ ತಪ್ಪು. ಅದರ ಏಟು ಬೀಳುತ್ತಿರುವುದೂ ಅವರದೇ ಮನೆಯ ಹಿರಿಯರ ಮೇಲೆ.

ಮೊದಲು ಏನು ಬದಲಾಯಿತೆಂದು ಹೇಳಿಬಿಡುತ್ತೇನೆ. 2008ರಿಂದ ಇದ್ದ ಕ್ರಮದಲ್ಲಿ ನೂರು ಪ್ರಶ್ನೆಗಳ ಪಟ್ಟಿಯಿಂದ ಅಧಿಕಾರಿ 10 ಕೇಳುತ್ತಿದ್ದರು, 6 ಸರಿಯಾದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ. ಅದರಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು; 9 ತಪ್ಪಾದರೆ ಅಲ್ಲಿಗೆ ಮುಗಿಯಿತು. ಇದಲ್ಲದೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಬೇಕು, ಒಂದು ವಾಕ್ಯ ಬರೆಯಬೇಕು, ಅರ್ಜಿಯಲ್ಲಿರುವ ಪ್ರಶ್ನೆಗಳಿಗೆಲ್ಲ ಅಧಿಕಾರಿಯ ಎದುರು ಕೂತು ಇಂಗ್ಲಿಷಿನಲ್ಲೇ ಉತ್ತರಿಸಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ಜಿಆರ್‌ಇ ಎಲ್ಲ ದಾಟಿಕೊಂಡು ಬಂದು ಹದಿನೈದು ವರ್ಷ ಇಂಗ್ಲಿಷಿನಲ್ಲೇ ಉದ್ಯೋಗ ಮಾಡಿದ ಎಂಜಿನಿಯರಿಗೆ ಇದು ಒಂದು ವಾರಾಂತ್ಯದ ಓದು. ಅವನಿಗೆ ಇದು ನ್ಯಾಯವಾಗಿ ಕಾಣುವುದಕ್ಕೆ ಕಾರಣ ಅಷ್ಟೇ. ಪರೀಕ್ಷೆ ಎಂಬುದು ನಮ್ಮ ಮಧ್ಯಮವರ್ಗಕ್ಕೆ ಅನ್ನ ಕೊಟ್ಟ ದಾರಿ. ಅದನ್ನು ಎಲ್ಲಿ ಕಂಡರೂ ನಾವು ಕೈಮುಗಿಯುತ್ತೇವೆ.

ಆದರೆ ಈ ಪರೀಕ್ಷೆ ಅಳೆಯುವುದಾದರೂ ಏನನ್ನು? 2008ರ ಪಟ್ಟಿಯಲ್ಲಿ ಅಂತರ್ಯುದ್ಧಕ್ಕೆ ದಾರಿ ಮಾಡಿದ ಒಂದು ಸಮಸ್ಯೆಯನ್ನು ಹೆಸರಿಸಿ ಎಂಬ ಪ್ರಶ್ನೆಯಿದೆ. ಗುಲಾಮಗಿರಿ ಎಂದರೂ ಸರಿ, ಆರ್ಥಿಕ ಕಾರಣಗಳು ಎಂದರೂ ಸರಿ, ರಾಜ್ಯಗಳ ಹಕ್ಕು ಎಂದರೂ ಸರಿ. ಆ ಯುದ್ಧ ಗುಲಾಮಗಿರಿಗಾಗಿ ನಡೆಯಿತೋ ರಾಜ್ಯಗಳ ಹಕ್ಕಿಗಾಗಿ ನಡೆಯಿತೋ ಎಂಬುದು ಈ ದೇಶ ಇವತ್ತಿಗೂ ಕಾದಾಡುತ್ತಿರುವ ವಿಷಯ. ಅಂಥ ಕಡೆ ಎರಡು ಪದ ಉರುಹೊಡೆದವನಿಗೂ ಆ ಚರಿತ್ರೆಯನ್ನು ಎದೆಗೆ ಹಚ್ಚಿಕೊಂಡು ಓದಿದವನಿಗೂ ಸಿಗುವುದು ಒಂದೇ ಅಂಕ. 2020ರ ಡಿಸೆಂಬರಿನಲ್ಲಿ ಪಟ್ಟಿ ಬದಲಾದಾಗ, ಸೆನೆಟರ್ ಯಾರನ್ನು ಪ್ರತಿನಿಧಿಸುತ್ತಾನೆ ಎಂಬುದಕ್ಕೆ ಅದುವರೆಗೆ ಇದ್ದ 'ರಾಜ್ಯದ ಎಲ್ಲ ಜನರನ್ನು' ಎಂಬ ಉತ್ತರ ಹೋಗಿ 'ರಾಜ್ಯದ ಪೌರರನ್ನು' ಎಂದಾಯಿತು. ಮರುವರ್ಷ ಮಾರ್ಚಿನಲ್ಲಿ ಹೊಸ ಸರ್ಕಾರ ಆ ಪಟ್ಟಿಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಅಧ್ಯಕ್ಷರು ಬದಲಾದ ಹಾಗೆ ಬದಲಾಗುವ ಉತ್ತರಪತ್ರಿಕೆಯಿಂದ ಒಬ್ಬ ಮನುಷ್ಯನ ದೇಶನಿಷ್ಠೆಯನ್ನು ತೂಗಲು ಬರುವುದಿಲ್ಲ.

ಇಲ್ಲೇ ಹುಟ್ಟಿ ಬೆಳೆದವರ ಕತೆ ಏನು? 2018ರಲ್ಲಿ ವುಡ್ರೋ ವಿಲ್ಸನ್ ಫೌಂಡೇಶನ್ 2008ರ ಪಟ್ಟಿಯ ಪ್ರಶ್ನೆಗಳನ್ನು ಅಮೆರಿಕನ್ನರ ಮುಂದಿಟ್ಟು ಸಮೀಕ್ಷೆ ಮಾಡಿತು. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿ ಟಿಕ್ ಮಾಡುವ ಸುಲಭದ ಪರೀಕ್ಷೆಯಲ್ಲೂ ಪಾಸಾದವರು ಮೂರರಲ್ಲಿ ಒಬ್ಬರು. ಉಳಿದ ಇಬ್ಬರ ಪೌರತ್ವವನ್ನು ಯಾರೂ ಪ್ರಶ್ನಿಸಲಿಲ್ಲ, ಪ್ರಶ್ನಿಸಲೂ ಬಾರದು. ಅವರು ತೆರಿಗೆ ಕಟ್ಟುತ್ತಾರೆ, ನೆರೆಹೊರೆಯವರ ಜೊತೆ ಬದುಕುತ್ತಾರೆ, ತೋಚಿದಾಗ ಮತ ಹಾಕುತ್ತಾರೆ. ದೇಶ ನಡೆಯುವುದು ಅಂಥವರಿಂದಲೇ. ಸಂವಿಧಾನದ ಹತ್ತನೆಯ ತಿದ್ದುಪಡಿ ಏನೆಂದು ಗೊತ್ತಿಲ್ಲದ ಕೊಳಾಯಿ ಕೆಲಸದವನು ಒಳ್ಳೆಯ ಪ್ರಜೆಯಾಗಬಹುದಾದರೆ, ಅದೇ ಗೊತ್ತಿಲ್ಲದ ವಲಸಿಗ ಏಕೆ ಆಗಬಾರದು?

ಈಗ ನಮ್ಮ ಹಿರಿಯರ ವಿಚಾರಕ್ಕೆ ಬರುತ್ತೇನೆ, ನನ್ನ ಸಿಟ್ಟು ಇರುವುದು ಇಲ್ಲೇ. ಕಾನೂನಿನಲ್ಲಿ ವಯಸ್ಸಾದವರಿಗೆ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಇದೆ. 50 ದಾಟಿ, ಗ್ರೀನ್ ಕಾರ್ಡ್ ಸಿಕ್ಕು 20 ವರ್ಷವಾಗಿರಬೇಕು. ಇಲ್ಲವೇ 55 ದಾಟಿ, 15 ವರ್ಷವಾಗಿರಬೇಕು. ಅಂಥವರು ದುಭಾಷಿಯ ನೆರವಿನಿಂದ ಕನ್ನಡದಲ್ಲೇ ಉತ್ತರಿಸಬಹುದು. 65 ದಾಟಿ 20 ವರ್ಷ ಆದವರಿಗೆ ಪ್ರಶ್ನೆಗಳ ಪಟ್ಟಿಯೂ ಚಿಕ್ಕದು, ಬರೀ 20. ಕೇಳುವುದಕ್ಕೆ ದಯೆಯಿಂದ ತುಂಬಿದ ಹಾಗಿದೆ. ಆದರೆ ನಮ್ಮ ತಂದೆ ತಾಯಿಗಳು ಇಲ್ಲಿಗೆ ಬರುವುದು ಯಾವಾಗ ಎಂದು ಲೆಕ್ಕ ಹಾಕಿ ನೋಡಿ. ಮಗನೋ ಮಗಳೋ ಕೆಲಸಕ್ಕೆ ಬಂದು, ಭಾರತೀಯರ ಆ ಮುಗಿಯದ ಸರದಿಯಲ್ಲಿ ನಿಂತು ಗ್ರೀನ್ ಕಾರ್ಡ್ ಪಡೆದು, ಮತ್ತೆ ಐದು ವರ್ಷ ಕಾದು ಪೌರರಾದ ಮೇಲಷ್ಟೇ ತಂದೆ ತಾಯಿಗೆ ಅರ್ಜಿ ಹಾಕಲು ಬರುತ್ತದೆ. ಅಮ್ಮನ ಕೈಗೆ ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಅವರಿಗೆ ಅರವತ್ತೆರಡು. 67ಕ್ಕೆ ಅವರು ಪೌರತ್ವಕ್ಕೆ ಅರ್ಹರಾಗುತ್ತಾರೆ, ಆದರೆ ಕನ್ನಡದಲ್ಲಿ ಉತ್ತರಿಸುವ ವಿನಾಯಿತಿ ಸಿಗುವುದು 77ಕ್ಕೆ, ಚಿಕ್ಕ ಪಟ್ಟಿಯ ವಿನಾಯಿತಿ 82ಕ್ಕೆ. ಮರೆವಿನ ರೋಗವೋ ಬುದ್ಧಿಯ ನ್ಯೂನತೆಯೋ ಇದ್ದರೆ ವೈದ್ಯರ ಪತ್ರದ ಮೇಲೆ ಬಿಡುಗಡೆ ಉಂಟು. ಶಾಲೆ ಕಾಣದಿರುವುದು ರೋಗವಲ್ಲ, ಮುಪ್ಪು ರೋಗವಲ್ಲ. ಅವಕ್ಕೆ ಬಿಡುಗಡೆ ಇಲ್ಲ.

ಹಿರಿಯರಿಗೆ ಈ ಪೌರತ್ವ ಏಕೆ ಬೇಕು ಎಂದು ಕೇಳುವವರಿದ್ದಾರೆ. ಅವರು ಹಿರಿಯರ ಜೊತೆ ಕೂತು ಮಾತಾಡಿದವರಲ್ಲ. ಗ್ರೀನ್ ಕಾರ್ಡ್ ಇದ್ದವರು ಆರು ತಿಂಗಳು ಮೀರಿ ಹೊರಗಿದ್ದರೆ ವಿಮಾನ ನಿಲ್ದಾಣದಲ್ಲೇ ಪ್ರಶ್ನೆಗಳು ಶುರುವಾಗುತ್ತವೆ. ಮುಂಚೆಯೇ ಅನುಮತಿ ಪಡೆಯದೆ ವರ್ಷ ಮೀರಿದರೆ ಕಾರ್ಡನ್ನೇ ಬಿಟ್ಟುಕೊಟ್ಟ ಹಾಗೆ ಎಣಿಸುತ್ತಾರೆ. ಊರಿನಲ್ಲಿ ಅಕ್ಕನ ಕಾಯಿಲೆ, ಮನೆಯ ಪಾಲಿನ ವ್ಯಾಜ್ಯ, ತಮ್ಮನ ಮಗಳ ಮದುವೆ ಎಂದು ಹೋದವರು ದಿನ ಎಣಿಸುತ್ತ ಕೂರಬೇಕು. ಅಮೆರಿಕದ ಪಾಸ್‌ಪೋರ್ಟ್ ಮತ್ತು ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡ್ ಎರಡೂ ಇದ್ದರೆ ಊರಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು, ಮೊಮ್ಮಕ್ಕಳು ಕರೆದಾಗ ಬರಬಹುದು. ತನ್ನ ಊರನ್ನೂ ತನ್ನ ಮಕ್ಕಳನ್ನೂ ಎರಡನ್ನೂ ಉಳಿಸಿಕೊಳ್ಳಲು ಅವರಿಗೆ ಈ ನೆಲದ ಪೌರತ್ವ ಬೇಕು. ಅದಕ್ಕಾಗಿ ಅವರು ಭಾರತದ ಪೌರತ್ವವನ್ನೇ ಬಿಟ್ಟುಕೊಡುತ್ತಾರೆ, ಜೀವನವಿಡೀ ಹಾಕಿದ ಮತವನ್ನು ಕಳೆದುಕೊಳ್ಳುತ್ತಾರೆ. ಅಷ್ಟು ದೊಡ್ಡ ಬೆಲೆ ತೆರಲು ಸಿದ್ಧವಾಗಿ ಬಂದವರಿಗೆ ನಾವು ಇಂಗ್ಲಿಷಿನ ಕೊರತೆ ತೋರಿಸಿ ಹೊರಗೆ ನಿಲ್ಲಿಸುತ್ತೇವೆ.

ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಶನಿವಾರ ಬೆಳಿಗ್ಗೆ ನಡೆಯುವ ಪೌರತ್ವದ ತರಗತಿಯಲ್ಲಿ ನಾನು ಪಾಠ ಹೇಳುತ್ತೇನೆ. ಗ್ವಾಟೆಮಾಲದಿಂದ ಬಂದ ಅಡುಗೆಯವರು, ವಿಯೆಟ್ನಾಮಿನ ಅಜ್ಜಂದಿರು, ಪಂಜಾಬಿನ ಲಾರಿ ಚಾಲಕರು ಬರುತ್ತಾರೆ. ಅವರ ನಡುವೆ ಹಾವೇರಿ ಕಡೆಯ ಒಬ್ಬ ಅಮ್ಮ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಮೊಮ್ಮಗ ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಉತ್ತರಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬರುತ್ತಿದ್ದರು. 'ಕಾಂಗ್ರೆಸ್' ಬರೆಯುವಾಗ ತಡವರಿಸುತ್ತಿರಲಿಲ್ಲ. ಅದು ಅವರು ಜೀವಮಾನವಿಡೀ ಕೇಳಿದ ಹೆಸರು. 'ಲೆಜಿಸ್ಲೇಟಿವ್' ಬಂದಾಗ ಪೆನ್ಸಿಲ್ ನಿಲ್ಲುತ್ತಿತ್ತು, ನಾಲಗೆಯ ಮೇಲೆ ಎರಡು ಸಲ ಹೊರಳಿಸಿ ನೋಡಿ ಮತ್ತೆ ಬರೆಯುತ್ತಿದ್ದರು.

ಸರ್ಕಾರದ ಒಂದು ಅಂಗ ಇನ್ನೊಂದನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ ಎಂದು ಒಂದು ಶನಿವಾರ ಹೇಳಿಕೊಡುತ್ತಿದ್ದೆ. ತರಗತಿ ಮುಗಿದ ಮೇಲೆ ಅವರು ಹತ್ತಿರ ಬಂದು, "ಇದು ನಮಗೇನ್ ಹೊಸಾದಲ್ರೀ" ಎಂದರು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಅವರು ಗೆದ್ದ ಸದಸ್ಯೆ. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಎಂದು ಕರ್ನಾಟಕ ಕಾನೂನು ಮಾಡಿದ, ಹಳ್ಳಿ ಹಳ್ಳಿಗೆ ಬೋರ್‌ವೆಲ್ ಬಂದು ಸಚಿವ ನಜೀರ್ ಸಾಬರು 'ನೀರ್ ಸಾಬ್' ಎನಿಸಿಕೊಂಡ ಕಾಲ ಅದು. ಇವರ ಊರಿನ ಬೋರ್‌ವೆಲ್ಲನ್ನು ಕೇರಿಯ ಕಡೆ ಕೊರೆಸುವ ಬದಲು ಮಂಡಲ ಪ್ರಧಾನರ ನೆಂಟರ ಹೊಲದ ಬದುವಿಗೆ ಒಯ್ಯುವ ಹುನ್ನಾರ ನಡೆದಿತ್ತು. "ನಾವು ಹೆಣ್ಮಕ್ಕಳು ಕೂಡಿ ಠರಾವಿಗೆ ಸಹಿ ಹಾಕಂಗಿಲ್ಲ ಅಂದ್ವಿ. ಎರಡು ಮೀಟಿಂಗ್ ನಡೀಲಿಲ್ಲ. ಮೂರನೇದಕ್ಕ ಬೋರು ಕೇರಿಗೆ ಬಂತು." ಅಧಿಕಾರದ ಹಂಚಿಕೆ, ಮತದ ತೂಕ, ಸಹಿಯ ಬೆಲೆ ಎಲ್ಲವನ್ನೂ ಮಾಡಿ ಅರಿತ ಹೆಂಗಸು ಅವರು. ನಾನು ಅವರಿಗೆ ಪ್ರಜಾಪ್ರಭುತ್ವ ಕಲಿಸಬೇಕಾಗಿತ್ತು.

ಅವರ ಸಂದರ್ಶನ ಹಳೆಯ ಪಟ್ಟಿಯ ಮೇಲೆಯೇ ನಡೆಯಿತು. ಬಲಗೈ ಎತ್ತಿ ಪ್ರಮಾಣ ಮಾಡಿಸಿದರು. ಇತಿಹಾಸ, ಸರ್ಕಾರದ ಪ್ರಶ್ನೆಗಳಲ್ಲಿ ಬೇಕಾದ ಆರನ್ನು ಸರಿಯಾಗಿ ಹೇಳಿದರು. ಎಡವಿದ್ದು ಅರ್ಜಿಯ ಪ್ರಶ್ನೆಗಳಲ್ಲಿ. ಅಮೆರಿಕದ ಯಾವುದೇ ಚುನಾವಣೆಯಲ್ಲಿ ಎಂದಾದರೂ ಮತದಾರರಾಗಿ ಹೆಸರು ಸೇರಿಸಿದ್ದೀರಾ, ಮತ ಹಾಕಿದ್ದೀರಾ ಎಂಬ ಪ್ರಶ್ನೆ ಅದರಲ್ಲಿದೆ. ಉದ್ದದ ವಾಕ್ಯದಲ್ಲಿ ಅವರ ಕಿವಿಗೆ ಬಿದ್ದದ್ದು 'ವೋಟ್' ಎಂಬ ಒಂದೇ ಪದ. "ಯೆಸ್, ಯೆಸ್, ಎವ್ರಿ ಟೈಮ್" ಎಂದರು. ಇಪ್ಪತ್ತೊಂದು ತುಂಬಿದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸದವರು ಬೇರೆ ಏನು ಹೇಳುತ್ತಾರೆ? ಪೌರರಲ್ಲದವರು ಇಲ್ಲಿ ಮತ ಹಾಕಿದ್ದರೆ ಅದು ದೇಶದಿಂದಲೇ ಗಡೀಪಾರು ಮಾಡಬಹುದಾದ ತಪ್ಪು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಮೂರು ಬಗೆಯಲ್ಲಿ ತಿರುಗಿಸಿ ಕೇಳಿದ ಮೇಲೆ ಅದು ಭಾರತದ ಮಾತು ಎಂದು ತಿಳಿಯಿತು. ಗಡೀಪಾರಿನ ಗಂಡಾಂತರ ತಪ್ಪಿತು, ಆದರೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂಬ ಷರಾ ಬಿತ್ತು. ನಿಯಮದಂತೆ ಅರವತ್ತರಿಂದ ತೊಂಬತ್ತು ದಿನದೊಳಗೆ ಇನ್ನೊಂದು ಅವಕಾಶ ಕೊಟ್ಟರು. ಆ ಸಲ ಹೆದರಿಕೆಗೆ ಗೊತ್ತಿದ್ದುದೂ ಬಾಯಿಗೆ ಬರಲಿಲ್ಲ. ಅರ್ಜಿ ತಿರಸ್ಕಾರವಾಯಿತು. ಮತ್ತೆ ಅರ್ಜಿ ಹಾಕಬೇಕಾದರೆ ಮತ್ತೆ ಶುಲ್ಕ, ಕಾಗದದ ಅರ್ಜಿಗೆ 760 ಡಾಲರ್. ಈ ಬಾರಿ ಓದಬೇಕಾದುದು 128ರ ಪಟ್ಟಿ.

ಈ ಹೆಂಗಸಿಗೆ ಯೋಗ್ಯತೆ ಇಲ್ಲ ಎನ್ನುವವರು ಯೋಗ್ಯತೆ ಎಂದರೆ ಏನೆಂದುಕೊಂಡಿದ್ದಾರೆ ಎಂದು ನನಗೆ ಅರ್ಥವಾಗುವುದಿಲ್ಲ.

ಅಕ್ಷರ ಮತ್ತು ಭಾಷೆಯನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸುವ ಈ ರೂಢಿ ಎಲ್ಲಿಂದ ಬಂತು ಎಂಬುದನ್ನೂ ನಮ್ಮವರು ತಿಳಿದುಕೊಳ್ಳಬೇಕು. 1790ರ ಕಾಯ್ದೆ ಪೌರತ್ವಕ್ಕೆ ಕೇಳಿದ್ದು ಜ್ಞಾನವನ್ನಲ್ಲ, ಬಿಳಿಯ ಬಣ್ಣವನ್ನು. 1906ರಲ್ಲಿ ಇಂಗ್ಲಿಷ್ ಮಾತಾಡಲು ಬರಬೇಕೆಂಬ ಷರತ್ತು ಸೇರಿತು. 1917ರಲ್ಲಿ ಓದಲು ಬಾರದ ವಲಸಿಗರಿಗೆ ದೇಶದೊಳಗೆ ಪ್ರವೇಶವಿಲ್ಲ ಎಂದು ಕಾಯ್ದೆ ಮಾಡಿದರು. ಭಾರತವೂ ಸೇರಿ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯ ಎಂದು ಸಾರಿದ್ದು ಅದೇ ಕಾಯ್ದೆ. ಅಕ್ಷರದ ಪರೀಕ್ಷೆ ಮತ್ತು ನಮ್ಮ ಮೇಲಿನ ನಿಷೇಧ ಎರಡನ್ನೂ ಒಂದೇ ಕೈ, ಒಂದೇ ಕಾಗದದಲ್ಲಿ ಬರೆಯಿತು. ಯಾರು ಬೇಡವೋ ಅವರನ್ನು ಹೊರಗಿಡಲು ಆ ಕಾಲದವರಿಗೆ ಸಿಕ್ಕ ಎರಡು ಉಪಾಯಗಳು ಅವು.

ಕಲಿತವರಿಗೆ ಮಾನ ಸಿಗುತ್ತದೆ ಎಂದು ನಂಬಿದವರಿಗೆ ಆಗ ಏನಾಯಿತು? ಟಕಾವೊ ಒಝಾವ ಜಪಾನಿನಿಂದ ಬಂದು ಕ್ಯಾಲಿಫೋರ್ನಿಯದಲ್ಲಿ ಓದಿದವನು, ಮನೆಯಲ್ಲೂ ಇಂಗ್ಲಿಷನ್ನೇ ಆಡುತ್ತಿದ್ದವನು. ನಡತೆ ಮತ್ತು ವಿದ್ಯೆಯಲ್ಲಿ ಅವನು ಪೌರತ್ವಕ್ಕೆ ತಕ್ಕವನೆಂದು 1922ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು. ಒಪ್ಪಿಕೊಂಡು, ಬಿಳಿಯನಲ್ಲವಾದ್ದರಿಂದ ಕೊಡಲಾಗದು ಎಂದಿತು. ಮರುವರ್ಷ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂದ್ ಸರದಿ. ಪಂಜಾಬಿನವನು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವನು. ಅವನಿಗೂ ಇಲ್ಲ. ಆ ತೀರ್ಪಿನ ಬೆನ್ನಿಗೇ, ಆಗಲೇ ಪೌರರಾಗಿದ್ದ ಭಾರತೀಯರಿಂದ ಪೌರತ್ವವನ್ನು ಕಿತ್ತುಕೊಳ್ಳುವ ಕೆಲಸ ಶುರುವಾಯಿತು. ಹಾಗೆ ಕಳೆದುಕೊಂಡ ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋದಾಸ್ ಬಾಗಾಯ್ 1928ರಲ್ಲಿ ಜೀವ ತೆಗೆದುಕೊಂಡ. ಭಾರತೀಯರಿಗೆ ಪೌರರಾಗುವ ಹಕ್ಕು ಬಂದದ್ದು 1946ರಲ್ಲಿ, ವರ್ಷಕ್ಕೆ ನೂರು ಜನ ವಲಸಿಗರ ಮಿತಿಯೊಂದಿಗೆ. ನಾಲ್ಕು ವರ್ಷದಲ್ಲಿ, ಕಮ್ಯುನಿಸ್ಟರ ಭಯ ನೆತ್ತಿಗೇರಿದ್ದ 1950ರಲ್ಲಿ, ಅಧ್ಯಕ್ಷ ಟ್ರೂಮನ್ನರ ನಿರಾಕರಣೆಯನ್ನು ತಳ್ಳಿಹಾಕಿ ತಂದ ಆಂತರಿಕ ಭದ್ರತಾ ಕಾಯ್ದೆ ಇಂಗ್ಲಿಷ್ ಓದು ಬರಹವನ್ನೂ ಇತಿಹಾಸದ ತಿಳಿವನ್ನೂ ಪೌರತ್ವಕ್ಕೆ ಕಡ್ಡಾಯ ಮಾಡಿತು. ಇವತ್ತಿನ ಪ್ರಶ್ನೆಪಟ್ಟಿಯ ಬೇರು ಅಲ್ಲಿದೆ.

ಇದೇ ಹೊತ್ತಿನಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದರೆ ಅಕ್ಷರ ಪರೀಕ್ಷೆ ಎದುರಾಗುತ್ತಿತ್ತು. ಯಾರನ್ನು ಪಾಸು ಮಾಡಬೇಕೆಂಬುದು ಬಿಳಿಯ ಗುಮಾಸ್ತನ ಇಷ್ಟ. ಶಾಲೆಯ ಮೇಷ್ಟರುಗಳೂ ಫೇಲಾಗಿ ಮನೆಗೆ ಬಂದರು. ಆ ಪರೀಕ್ಷೆಗಳನ್ನು ತಡೆದದ್ದು 1965ರ ಆಗಸ್ಟ್ 6ರಂದು ಸಹಿಯಾದ ಮತದಾನ ಹಕ್ಕು ಕಾಯ್ದೆ. ಎರಡು ತಿಂಗಳೊಳಗೆ, ಅಕ್ಟೋಬರ್ 3ರಂದು, ಅದೇ ಅಧ್ಯಕ್ಷ ಜಾನ್ಸನ್ ವಲಸೆ ಕಾಯ್ದೆಗೆ ಸಹಿ ಹಾಕಿದರು. ಭಾರತದ ವೈದ್ಯರಿಗೆ, ಎಂಜಿನಿಯರುಗಳಿಗೆ ಈ ದೇಶದ ಬಾಗಿಲು ತೆರೆದದ್ದು ಆವತ್ತು. ಮತದ ಹಕ್ಕಿಗಾಗಿ ಸೆಲ್ಮಾದ ಸೇತುವೆಯ ಮೇಲೆ ಲಾಠಿ ತಿಂದವರು ಹದಮಾಡಿದ ನೆಲದಲ್ಲಿ ನಾವು ಬಂದು ಮನೆ ಕಟ್ಟಿಕೊಂಡೆವು. ಅವರು ಯಾವುದನ್ನು ಅನ್ಯಾಯವೆಂದು ಕಿತ್ತುಹಾಕಿದರೋ ಅದನ್ನೇ ಇವತ್ತು ಇನ್ನೊಬ್ಬರ ಮುಂದೆ ನೆಡಬೇಕು ಎಂದು ನಾವು ಹೇಳುವುದು ಏಣಿ ಹತ್ತಿದ ಮೇಲೆ ಏಣಿ ಒದೆಯುವ ಕೆಲಸ.

ನಾವು ಎಲ್ಲಿಂದ ಬಂದವರು ಎಂಬುದನ್ನಾದರೂ ನೆನೆಯಬೇಡವೆ? 1951ರ ಜನಗಣತಿಯಲ್ಲಿ ಭಾರತದ ಅಕ್ಷರಸ್ಥರು ನೂರಕ್ಕೆ 18 ಜನ, ಹೆಂಗಸರಲ್ಲಿ 9 ಕೂಡ ಇಲ್ಲ. ಅಂಥ ದೇಶ ಮೊದಲ ಚುನಾವಣೆಯಲ್ಲೇ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು. ಓದಲು ಬಾರದವರಿಗೆ ಚಿಹ್ನೆ ಬಂತು, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಬಂತು. ಜನ ಅಕ್ಷರದ ಕಡೆ ಬರುವವರೆಗೆ ಮತ ಕಾಯಲಿಲ್ಲ. ಮತವೇ ಜನರ ಕಡೆ ನಡೆದು ಹೋಯಿತು. ಅಂಬೇಡ್ಕರರು 1928ರಲ್ಲೇ ಸೈಮನ್ ಆಯೋಗದ ಮುಂದೆ ವಯಸ್ಕ ಮತಾಧಿಕಾರಕ್ಕೆ ವಾದಿಸಿದ್ದರು. ಅಕ್ಷರ ಬಾರದು ಎಂಬ ನೆಪವನ್ನು ಅವರು ಒಪ್ಪಲಿಲ್ಲ. ಅಕ್ಷರವನ್ನು ತಲೆಮಾರುಗಳಿಂದ ಕಸಿದುಕೊಂಡು, ಅಕ್ಷರವಿಲ್ಲವೆಂದು ಹಕ್ಕನ್ನೂ ಕಸಿಯುವುದು ಎಂಥ ಅನ್ಯಾಯವೆಂದು ಅವರಿಗೆ ಗೊತ್ತಿತ್ತು. ನಮ್ಮ ಅಜ್ಜಿಯರು ಎತ್ತಿನ ಜೋಡಿ, ಗುಡಿಸಲು ನೋಡಿ ಮತ ಹಾಕಿ ಕಟ್ಟಿದ ಗಣರಾಜ್ಯದ ಶಾಲೆಗಳಲ್ಲಿ, ಅದರದೇ ಖರ್ಚಿನಲ್ಲಿ ಓದಿ ಬಂದವರು ನಾವು.

ಭಾರತವೂ ಹೊರಗಿನವರಿಗೆ ಪೌರತ್ವ ಕೊಡುವಾಗ ಭಾಷೆ ಕೇಳುವುದಿಲ್ಲವೆ ಎಂದು ಒಬ್ಬರು ನನ್ನನ್ನು ಕೇಳಿದರು. ಕೇಳುತ್ತದೆ. ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆ ಸಾಕಷ್ಟು ಬರಬೇಕು, ಕನ್ನಡವೂ ನಡೆಯುತ್ತದೆ. ಆ ಷರತ್ತೂ ಮುದುಕರ ಮಟ್ಟಿಗೆ ನನಗೆ ಒಪ್ಪಿಗೆಯಿಲ್ಲ.

ಇನ್ನು ಗಂಭೀರವಾದ ಆಕ್ಷೇಪ ಒಂದಿದೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದು ದೇಶದಲ್ಲಿ ಕೂಡಿ ಬಾಳುವವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯಬೇಡವೆ? ಬೇಕು. ಆದರೆ ಅದು ಬರುವುದು ಬಾಳಿನಿಂದ, ಪರೀಕ್ಷೆಯ ಬೆದರಿಕೆಯಿಂದಲ್ಲ. ಇಟಲಿಯಿಂದ, ಚೀನಾದಿಂದ ಬಂದ ಎಷ್ಟೋ ಅಜ್ಜಿಯರು ಕೊನೆಯವರೆಗೂ ತಮ್ಮ ಮಾತನ್ನೇ ಆಡಿದರು. ಅವರ ಮೊಮ್ಮಕ್ಕಳಿಗೆ ಇವತ್ತು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಅರವತ್ತೇಳರ ಹೆಂಗಸಿನ ಕೈಲಿ ಸ್ಟೈಲಸ್ ಕೊಟ್ಟು ಟ್ಯಾಬ್ಲೆಟ್ಟಿನ ಮೇಲೆ ವಾಷಿಂಗ್ಟನ್ ಎಂದು ಬರೆಸಿದರೆ ದೇಶದ ಐಕ್ಯ ಹೆಚ್ಚುವುದಿಲ್ಲ. ಪಕ್ಕದ ಕೆನಡಾವನ್ನು ನೋಡಿ. ಅಲ್ಲಿ ಪೌರತ್ವದ ಭಾಷಾ ಷರತ್ತು ಮತ್ತು ಪರೀಕ್ಷೆ ಇರುವುದು 18ರಿಂದ 54 ವಯಸ್ಸಿನವರಿಗೆ ಮಾತ್ರ. 55 ತುಂಬಿದವರಿಗೆ ಯಾವ ಪ್ರಶ್ನೆಪಟ್ಟಿಯೂ ಇಲ್ಲ. ಆ ದೇಶವೇನೂ ಅದರಿಂದ ಒಡೆದು ಹೋಳಾಗಿಲ್ಲ.

ಭದ್ರತೆಯ ಮಾತು ಎತ್ತುವವರಿಗೆ ಉತ್ತರ ಚಿಕ್ಕದು. ಬೆರಳಚ್ಚು, ಹಿನ್ನೆಲೆಯ ತಪಾಸಣೆ, ಐದು ವರ್ಷದ ವಾಸ, ತೆರಿಗೆಯ ಲೆಕ್ಕ ಇವೆಲ್ಲ ಬೇರೆಯೇ ಇವೆ, ಇರಲಿ. ದೇಶಕ್ಕೆ ಕೇಡು ಬಗೆಯುವವನು 128 ಉತ್ತರಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಬರುತ್ತಾನೆ.

'ನಾವು ಪಾಸಾಗಲಿಲ್ಲವೆ' ಎಂಬ ಮಾತಿಗೆ ಮರಳುತ್ತೇನೆ, ಏಕೆಂದರೆ ಉಳಿದ ವಾದಗಳೆಲ್ಲ ಸೋತ ಮೇಲೆ ನಮ್ಮವರು ಬಂದು ನಿಲ್ಲುವುದು ಅಲ್ಲಿಯೇ. ನಾವು ಪಾಸಾದದ್ದು ಅಪ್ಪ ಅಮ್ಮ ಹೊಲ ಮಾರಿ, ಸಾಲ ಮಾಡಿ ನಮ್ಮನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದರಿಂದ. ನಾವು ಓದಲಿ ಎಂದು ಅಕ್ಕಂದಿರು ಶಾಲೆ ಬಿಟ್ಟ ಮನೆಗಳು ಎಷ್ಟಿಲ್ಲ? ಆ ತಾಯಂದಿರು, ಆ ಅಕ್ಕಂದಿರು ಇವತ್ತು ಫೇಲಾಗುತ್ತಿರುವ ಕೋಣೆಯಲ್ಲಿ ನಾವು ಪಾಸಾಗಿ ಹೊರಬಂದೆವು. ಪಾಸಾದ ಅಂಕದಲ್ಲಿ ಅವರ ಪಾಲು ನಮ್ಮದಕ್ಕಿಂತ ದೊಡ್ಡದು.

ಈ ನಿಯಮ ಕಲ್ಲಿನ ಮೇಲೆ ಕೊರೆದದ್ದಲ್ಲ. ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 312ನೆಯ ಸೆಕ್ಷನ್ನಿನಲ್ಲಿ ಅದು ಕೂತಿದೆ. ಐವತ್ತೈದರ ವಿನಾಯಿತಿಯನ್ನು ಕಾಂಗ್ರೆಸ್ ಸೇರಿಸಿದ್ದು 1990ರಲ್ಲಿ, ಅರವತ್ತೈದರದು 1994ರಲ್ಲಿ. ಕೇಳಿದವರಿದ್ದರು, ಬದಲಾಯಿತು. ಈಗ ಕೇಳಬೇಕಾದವರು ನಾವು. ನಮ್ಮ ಕನ್ನಡ ಕೂಟಗಳಲ್ಲಿ ಮತ ಇರುವವರು ತುಂಬಿದ್ದಾರೆ. ಸಮ್ಮೇಳನಗಳಿಗೆ ಇಲ್ಲಿನ ಸಂಸದರನ್ನು ಕರೆಸಿ ಮೈಸೂರು ಪೇಟ ತೊಡಿಸುತ್ತೇವೆ, ಚುನಾವಣೆಗೆ ದೇಣಿಗೆ ಕೊಡುತ್ತೇವೆ. ಇಷ್ಟು ದಿನ ಅವರ ಮುಂದೆ ನಾವು ಇಟ್ಟದ್ದು ಎಚ್-1ಬಿ ಮತ್ತು ಗ್ರೀನ್ ಕಾರ್ಡ್ ಸರದಿಯ ಅಹವಾಲು ಮಾತ್ರ. ಮುಂದಿನ ಸಲ ಇದನ್ನೂ ಬರೆದು ಕೈಗೆ ಕೊಡೋಣ: 55 ದಾಟಿದವರಿಗೆ ಗ್ರೀನ್ ಕಾರ್ಡ್ ಬಂದು ಐದು ವರ್ಷವಾಗಿದ್ದರೆ ಸಾಕು, ಸಂದರ್ಶನ ಅವರ ತಾಯ್ನುಡಿಯಲ್ಲಿ ನಡೆಯಲಿ, ಓದು, ಬರಹ, ಪ್ರಶ್ನೆಪಟ್ಟಿ ಮೂರೂ ಅವರಿಗೆ ಬೇಡ.